ಅಳೆಯುವ ಕೋಲೋ, ಹೊಡೆಯುವ ಕೋಲೋ?

ಹೆಸರಿಗೆ ಅದು ಪೂರ್ವಸಿದ್ಧತಾ ಪರೀಕ್ಷೆ. ನಮ್ಮ ಬೀದರ್ ಜಿಲ್ಲೆಯ ಹತ್ತನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ, ಅದು ಸಿದ್ಧತೆಯಲ್ಲ, ತೀರ್ಪು. ಅದರಲ್ಲೂ ಗಣಿತದ ತೀರ್ಪಿಗೆ ಮೇಲ್ಮನವಿಯೇ ಇಲ್ಲ.

ನಮ್ಮ ತಂಗಿಯ ಮಗಳಿಗೆ ಪ್ರಿಪರೇಟರಿಯಲ್ಲಿ ಗಣಿತಕ್ಕೆ 80ಕ್ಕೆ 19 ಬಂತು. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. "ಮಾಮೂ, ಮುಝೆ ಹಿಸಾಬ್ ಆತಾಚ್ ನೈ" ಎಂದಳು. ಲೆಕ್ಕ ನನಗೆ ಬರುವುದೇ ಇಲ್ಲ ಎಂದು. ಉತ್ತರ ಪತ್ರಿಕೆ ತೋರಿಸು ಎಂದೆವು. ತರಗತಿಯಲ್ಲಿ ಐದು ನಿಮಿಷ ಕೈಗೆ ಕೊಟ್ಟು ವಾಪಸು ಪಡೆದಿದ್ದರಂತೆ. ಶಾಲೆಗೆ ಹೋಗಿ, ವಿನಂತಿಸಿಕೊಂಡು, ಆ ಪತ್ರಿಕೆಯನ್ನು ನೋಡಿದೆವು.

ಮೂರು ಅಂಕದ ಒಂದು ಪ್ರಶ್ನೆ ಹೀಗಿತ್ತು: ಆಯತಾಕಾರದ ಒಂದು ಜಾಗದ ಉದ್ದ ಅದರ ಅಗಲಕ್ಕಿಂತ 3 ಮೀಟರ್ ಹೆಚ್ಚು, ವಿಸ್ತೀರ್ಣ 40 ಚದರ ಮೀಟರ್, ಹಾಗಾದರೆ ಅಗಲವೆಷ್ಟು? ಹುಡುಗಿ ವರ್ಗ ಸಮೀಕರಣವನ್ನು ಸರಿಯಾಗಿ ರಚಿಸಿದ್ದಳು. ಅಪವರ್ತನವನ್ನೂ ಸರಿಯಾಗಿ ಮಾಡಿದ್ದಳು. ಕೊನೆಯ ಸಾಲಿನಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲಾಗಿ 5ರ ಬದಲು 8 ಎಂದು ಬರೆದಿದ್ದಳು. ಇಡೀ ಲೆಕ್ಕದ ಮೇಲೆ ಒಂದು ಕೆಂಪು ಗೆರೆ, ಪಕ್ಕದಲ್ಲೊಂದು ಸೊನ್ನೆ.

ಹಂತ ಹಂತಕ್ಕೆ ಅಂಕ ಕೊಡಬೇಕೆಂಬುದು ಮೌಲ್ಯಮಾಪನದ ಬಾಲಪಾಠ. ಅಂತಿಮ ಪರೀಕ್ಷೆಯಲ್ಲಿ ಇದೇ ಉತ್ತರಕ್ಕೆ ಎರಡು ಅಂಕವಾದರೂ ಸಿಗುತ್ತಿತ್ತು. ಅಂಕ ಹೋಗಲಿ ಬಿಡಿ. "ಅಗಲ 8 ಆದರೆ ಉದ್ದ 11. ಗುಣಿಸಿ ನೋಡು, 40 ಬರುತ್ತದೆಯೇ?" ಎಂದು ಒಂದು ಸಾಲು ಬರೆದಿದ್ದರೆ ಆ ಹುಡುಗಿ ಜೀವಮಾನದಲ್ಲಿ ಮತ್ತೆ ಆ ತಪ್ಪು ಮಾಡುತ್ತಿರಲಿಲ್ಲ. ಸೊನ್ನೆ ಅವಳಿಗೆ ಕಲಿಸಿದ್ದೇನು? ತಾನೇ ಸೊನ್ನೆ ಎಂದು.

ಭಾಲ್ಕಿಯಲ್ಲಿ ಪರಿಚಯದ ಗಣಿತ ಶಿಕ್ಷಕರೊಬ್ಬರ ಮುಂದೆ ಈ ಮಾತೆತ್ತಿದೆವು. "ಪ್ರಿಪರೇಟರಿಯಾಗ ಸ್ವಲ್ಪ ಬಿಗಿ ಹಿಡದ್ರೇ ಹುಡುಗರು ಓದತಾವ್ರಿ. ಸಡ್ಲ ಬಿಟ್ರ ಮುಗೀತು" ಎಂದರು. ಅವರು ಕೆಟ್ಟವರಲ್ಲ, ಸಂಜೆ ಹೊತ್ತು ಮಕ್ಕಳನ್ನು ಕೂರಿಸಿಕೊಂಡು ಪುಕ್ಕಟೆ ಪಾಠ ಹೇಳುವವರು. ಅವರ ವಾದದಲ್ಲಿ ಹುರುಳೂ ಇದೆ. 2024ರಿಂದ ಅಂತಿಮ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿನ ಬಾಗಿಲು ಮುಚ್ಚಿತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ 2025ರ ಮೊದಲ ಪರೀಕ್ಷೆಯಲ್ಲಿ ಶೇ. 66.14ಕ್ಕೆ ಇಳಿಯಿತು. ಆ ವರ್ಷ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲ ಸ್ಥಾನದಲ್ಲಿದ್ದರೆ, ನಮ್ಮ ನೆರೆಯ ಕಲಬುರಗಿ ಶೇ. 42.43 ಪಡೆದು ಕೊನೆಯಲ್ಲಿತ್ತು. ಇಂಥ ಹೊತ್ತಿನಲ್ಲಿ ಸುಲಭದ ಪ್ರಶ್ನೆ ಕೊಟ್ಟು ಮಕ್ಕಳನ್ನು ಮೋಸಗೊಳಿಸಬಾರದೆಂಬುದು ನಿಜ.

ಹಾಗಾಗಿ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಕಠಿಣ ಪ್ರಶ್ನೆಯ ಬಗ್ಗೆ ನಮ್ಮ ತಕರಾರಿಲ್ಲ, ಕುರುಡು ಅಂಕದ ಬಗ್ಗೆ ಇದೆ. ಮಂಡಳಿಯ ಇತ್ತೀಚಿನ ವರ್ಷಗಳ ನೀಲನಕ್ಷೆಯಲ್ಲಿ ಗಣಿತಕ್ಕೆ 38 ಪ್ರಶ್ನೆ, 80 ಅಂಕ. ಒಂದಂಕದ್ದು 16, ಎರಡಂಕದ್ದು 8, ಮೂರಂಕದ್ದು 9, ನಾಲ್ಕಂಕದ್ದು 4, ಐದಂಕದ್ದು ಒಂದೇ ಒಂದು. ಅಂದರೆ ಅರ್ಧಕ್ಕಿಂತ ಹೆಚ್ಚು ಅಂಕ ಇರುವುದೇ ಹಂತಗಳಿರುವ ದೊಡ್ಡ ಲೆಕ್ಕಗಳಲ್ಲಿ. ಹಂತ ನೋಡದೆ ಕೊನೆಯ ಸಾಲನ್ನಷ್ಟೇ ನೋಡುವುದು ಬಿಗಿಯಲ್ಲ, ಸೋಮಾರಿತನ. ಸೋಮಾರಿತನಕ್ಕೆ ಶಿಸ್ತಿನ ಟೋಪಿ ಹಾಕಿದರೆ ಅದು ಶಿಸ್ತಾಗುತ್ತದೆಯೇ?

ವ್ಯವಸ್ಥೆಯ ವಿಚಿತ್ರವನ್ನೂ ಗಮನಿಸಿ. 2024ರಲ್ಲಿ ಫಲಿತಾಂಶ ಕುಸಿದಾಗ ಸರ್ಕಾರ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿತು. 2025ರ ಅಕ್ಟೋಬರಿನಲ್ಲಿ ತೇರ್ಗಡೆಯ ಗೆರೆಯನ್ನೇ ಇಳಿಸಿ, ಪ್ರತಿ ವಿಷಯದಲ್ಲಿ ಕನಿಷ್ಠ 30, ಒಟ್ಟು 625ಕ್ಕೆ 206 ಸಾಕೆಂದಿತು. ಕಲಿಯುವ ಹೊತ್ತಿನಲ್ಲಿ ಕಠೋರ, ಅಳೆಯುವ ಹೊತ್ತಿನಲ್ಲಿ ಧಾರಾಳ! ನ್ಯಾಯವಾಗಿ ಇದು ತಿರುವುಮುರುವಾಗಿ ಇರಬೇಕಿತ್ತು. ಅಂತಿಮ ಪರೀಕ್ಷೆಯಲ್ಲಾದರೆ ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದು, ಮರುಮೌಲ್ಯಮಾಪನ ಕೇಳಬಹುದು. ತಪ್ಪು ತಿದ್ದಿಕೊಳ್ಳಲು ಇನ್ನೂ ಸಮಯವಿರುವ ಪರೀಕ್ಷೆಯ ಪತ್ರಿಕೆ ಮಾತ್ರ ಕಟ್ಟಾಗಿ ಬೀರು ಸೇರುತ್ತದೆ.

ಔರಾದಿನ ಕಡೆ ಹೋದರೆ ಇನ್ನೊಂದು ತೊಡಕು. ಅದು ಮಹಾರಾಷ್ಟ್ರದ ಗಡಿ, ಮನೆಮಾತು ಮರಾಠಿ ಇರುವ ಮಕ್ಕಳು ಬಹಳ. ಬೀದರ್ ನಗರದಲ್ಲಿ ಉರ್ದು ಮಾಧ್ಯಮದ ಶಾಲೆಗಳಿವೆ. ಒಂದೇ ಆಕೃತಿ ಇಲ್ಲಿ ತ್ರಿಭುಜ, ಅಲ್ಲಿ ತ್ರಿಕೋಣ, ಮತ್ತೊಂದೆಡೆ ಮುಸಲ್ಲಸ್. ಏಳನೆಯವರೆಗೆ ಉರ್ದುವಿನಲ್ಲಿ ಓದಿ ಎಂಟಕ್ಕೆ ಕನ್ನಡ ಶಾಲೆ ಸೇರಿದ ನಮಗೆ ಇದರ ಅನುಭವವಿದೆ. ಮುಸಲ್ಲಸ್‌ನ ಕೋನಗಳ ಮೊತ್ತ 180 ಡಿಗ್ರಿ ಎಂದು ಗೊತ್ತಿತ್ತು. ತ್ರಿಭುಜ ಎಂದರೆ ಅದೇ ಎಂದು ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಆ ತಿಂಗಳಿಡೀ ನಾವು ಗಣಿತದಲ್ಲಿ ದಡ್ಡರಾಗಿದ್ದೆವು! ಪ್ರಶ್ನೆ ಅರ್ಥವಾಗದ ಮಗುವನ್ನೂ ಲೆಕ್ಕ ಬಾರದ ಮಗುವನ್ನೂ ಒಂದೇ ಸೊನ್ನೆಯಲ್ಲಿ ಅಳೆಯುವುದು ಯಾವ ನ್ಯಾಯ?

ಇಷ್ಟು ಹೇಳಿ ಶಿಕ್ಷಕರನ್ನಷ್ಟೇ ದೂರಿ ಕೂತರೆ ನಾವೂ ಕೊನೆಯ ಸಾಲನ್ನಷ್ಟೇ ನೋಡಿದಂತಾಗುತ್ತದೆ. ಕೆಲವೆಡೆ ಅತಿಥಿ ಶಿಕ್ಷಕರ ಮೇಲೆಯೇ ಗಣಿತ ನಿಂತಿದೆ. ರಾಶಿ ಪತ್ರಿಕೆಗಳನ್ನು ನಾಲ್ಕು ದಿನದಲ್ಲಿ ತಿದ್ದಿ ಅಂಕಪಟ್ಟಿ ಕಳಿಸೆಂದು ಮೇಲಿನಿಂದ ಒತ್ತಡ. ಇಲಾಖೆಗೆ ಬೇಕಾದದ್ದು ಶೇಕಡಾವಾರು, ತಪ್ಪುಗಳ ಪಟ್ಟಿಯಲ್ಲ.

ನಮ್ಮ ಮನೆಗಳ ಕಥೆಯೇನು? ಆ 19 ಅಂಕದ ಸುದ್ದಿ ತಲುಪಿದ ಸಂಜೆಯೇ ಬಂಧುವೊಬ್ಬರು ಬಂದು, "ಓದಿದ್ದು ಸಾಕು, ಒಳ್ಳೆಯ ಸಂಬಂಧ ಇದೆ" ಎಂದು ಶುರುಮಾಡಿದರು. ಗಂಡು ಮಗುವಾಗಿದ್ದರೆ ಹೈದರಾಬಾದಿನ ಗ್ಯಾರೇಜಿನ ಮಾತು ಬರುತ್ತಿತ್ತು. ಇಕ್ರಾ, ಅಂದರೆ ಓದು, ಎಂಬ ಮಾತಿನಿಂದ ಆರಂಭವಾದ ದೀನಿನವರು ನಾವು ಎಂದು ಭಾಷಣಗಳಲ್ಲಿ ಹೆಮ್ಮೆಪಡುತ್ತೇವೆ. ಅಭ್ಯಾಸದ ಪರೀಕ್ಷೆಯ ಒಂದು ಅಂಕಿ ನೋಡಿ ಮಗಳ ಪುಸ್ತಕ ಮುಚ್ಚಿಸುತ್ತೇವೆ. ಶಾಲೆಯ ಕೆಂಪು ಗೆರೆಗಿಂತ ನಮ್ಮ ಈ ಗೆರೆ ಹೆಚ್ಚು ಕ್ರೂರವಲ್ಲವೇ?

ಗಣಿತ ಈ ನೆಲಕ್ಕೆ ಹೊರಗಿನದೇನಲ್ಲ. ಒಂಬತ್ತನೆಯ ಶತಮಾನದಲ್ಲಿ 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯರು ಅಮೋಘವರ್ಷ ನೃಪತುಂಗನ ಕಾಲದವರು. ಆ ದೊರೆಯ ರಾಜಧಾನಿ ಮಾನ್ಯಖೇಟ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಬರೆದ ಗ್ರಂಥದ ಹೆಸರಿನಿಂದಲೇ ಆಲ್ಜೀಬ್ರಾ ಎಂಬ ಮಾತು ಬಂತು. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇವತ್ತಿಗೂ ಬೀದರಿನ ನಡುವೆ ನಿಂತಿದೆ. ಅದರ ನೆರಳಿನಲ್ಲಿ ಬೆಳೆದ ಮಗು ಲೆಕ್ಕ ನನಗೆ ಬರುವುದೇ ಇಲ್ಲ ಎಂದರೆ ತಪ್ಪು ಯಾರ ಕಡೆ ಇದೆ?

ನಮ್ಮೂರಿನ ಬಿದರಿ ಕೆಲಸದ ಉಸ್ತಾದರ ಅಂಗಡಿಯಲ್ಲಿ ಕೂತು ನೋಡಿ. ಹುಡುಗನ ಉಳಿ ಜಾರಿ ಗೆರೆ ಅಡ್ಡಾದಿಡ್ಡಿಯಾದರೆ ಉಸ್ತಾದರು ಬೈಯುವುದೂ ಉಂಟು. ಆದರೆ ಆ ತುಂಡನ್ನು ಎಸೆಯುವ ಮೊದಲು ಎಲ್ಲಿ ಜಾರಿತು, ಯಾಕೆ ಜಾರಿತು ಎಂದು ಬೆರಳಿಟ್ಟು ತೋರಿಸುತ್ತಾರೆ. ಬೆಳ್ಳಿಯ ತಂತಿ ಕೂರಿಸುವ ಮುಂಚೆ ತಪ್ಪಿದರೆ ನಷ್ಟವಿಲ್ಲವೆಂದು ಅವರಿಗೆ ಗೊತ್ತು. ಬಿ.ಎಡ್. ಮಾಡದ ಉಸ್ತಾದರಿಗೆ ತಿಳಿದದ್ದು ನಮ್ಮ ಇಲಾಖೆಗೆ ತಿಳಿಯಬಾರದೇ?

ನಾವು ಕೇಳುವುದು ದೊಡ್ಡದೇನಲ್ಲ. ಪ್ರಿಪರೇಟರಿಯ ಗಣಿತ ಪತ್ರಿಕೆಯನ್ನು ಹಂತಗಳ ಲೆಕ್ಕದಲ್ಲಿಯೇ ತಿದ್ದಲಿ. ವಾರದೊಳಗೆ ಮಗುವಿನ ಕೈಗೆ ಕೊಡಲಿ, ಮನೆಗೆ ಒಯ್ಯಲು ಬಿಡಲಿ. ಅದಾದ ಮೇಲೆ ಎರಡು ದಿನ ಹೊಸ ಪಾಠ ಬಿಟ್ಟು ತಪ್ಪುಗಳ ಪಾಠ ನಡೆಯಲಿ. ತಿದ್ದಲು ಸಮಯ ಬೇಕೆಂದರೆ ಇಲಾಖೆ ಕೊಡಲಿ, ಶೇಕಡಾವಾರು ಒಂದು ವಾರ ತಡವಾದರೆ ಆಕಾಶ ಬೀಳುವುದಿಲ್ಲ. ತಂದೆ ತಾಯಂದಿರು ಅಂತಿಮ ಫಲಿತಾಂಶ ಬರುವವರೆಗಾದರೂ ಸಂಬಂಧದ ಮಾತು, ಗ್ಯಾರೇಜಿನ ಮಾತು ಎತ್ತದಿರಲಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ಬಿದ್ದವರು ಇನ್ನೊಂದರಲ್ಲಿ ಏಳಬಹುದು.

ನಮ್ಮ ಸೊಸೆಯ ಆ ಲೆಕ್ಕವನ್ನು ಮೊನ್ನೆ ಕಾಗದದ ಮೇಲೆ ಮತ್ತೆ ಬರೆಸಿದೆವು. ಹನ್ನೊಂದೆಂಟ್ಲೆ ಎಂಬತ್ತೆಂಟು ಎಂದು ತಾನೇ ಗುಣಿಸಿ, ತಲೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಆಮೇಲೆ 8ನ್ನು ಹೊಡೆದುಹಾಕಿ 5 ಎಂದು ಬರೆದಳು. ಅದಕ್ಕೆ ಹಿಡಿದ ಸಮಯ ಎರಡು ನಿಮಿಷ.