ಗಾಂಜಾ ಬಿಡಲು ಬಂದವರು, ಬಾರದವರು

‘ಗಾಂಜಾ ಗಿರಾಕಿ’ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಇಪ್ಪತ್ತರ ಆಸುಪಾಸಿನ ಹುಡುಗ, ಮುಖಕ್ಕೆ ಕರವಸ್ತ್ರ, ಎಡಬಲದಲ್ಲಿ ಪೊಲೀಸರು, ಮುಂದಿನ ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಪೊಟ್ಟಣಗಳು. ಇದು ಠಾಣೆಯಲ್ಲಿ ತೆಗೆದ ಚಿತ್ರ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಅದನ್ನು ಅಷ್ಟರಮಟ್ಟಿಗೆ ಮಾತ್ರ ನಂಬುತ್ತೇವೆ. ವ್ಯಸನಮುಕ್ತಿ ಕೇಂದ್ರದ ದಾಖಲೆಗಳಿಂದ ಮೂಡುವ ಚಿತ್ರದ ವಿಷಯದಲ್ಲಿ ಮಾತ್ರ ನಮಗೆ ಆ ಎಚ್ಚರ ಇರುವುದಿಲ್ಲ. ಚಿಕಿತ್ಸೆಗೆ ಬಂದವರ ವಯಸ್ಸು, ಓದು, ಉದ್ಯೋಗ, ಎಷ್ಟು ವರ್ಷದಿಂದ ಸೇದುತ್ತಿದ್ದಾರೆ ಎಂಬುದನ್ನೆಲ್ಲ ಪಟ್ಟಿ ಮಾಡಿ ‘ಈ ಚಟಕ್ಕೆ ಬೀಳುವವರು ಇಂಥವರು’ ಎಂದುಬಿಟ್ಟರೆ ಅದಕ್ಕೆ ವಿಜ್ಞಾನದ ಮುದ್ರೆ ಬೀಳುತ್ತದೆ. ಜಾಗೃತಿ ಕಾರ್ಯಕ್ರಮ ಎಲ್ಲಿ ನಡೆಯಬೇಕು, ಆಪ್ತಸಮಾಲೋಚಕರನ್ನು ಎಲ್ಲಿ ನೇಮಿಸಬೇಕು, ಯಾವ ಬೀದಿಯಲ್ಲಿ ಯಾರನ್ನು ತಡೆದು ತಪಾಸಣೆ ಮಾಡಬೇಕು ಎಂಬ ತೀರ್ಮಾನಗಳಿಗೆಲ್ಲ ಅದೇ ಆಧಾರವಾಗುತ್ತದೆ. ನನ್ನ ವಾದ ಇಷ್ಟು: ಇಂಥ ಪಟ್ಟಿಯಿಂದ ಚಟದ ಸ್ವರೂಪ ತಿಳಿಯುವುದು ಕಡಿಮೆ, ಆಸ್ಪತ್ರೆಗೆ ಬರುವ ದಾರಿಯ ಸ್ವರೂಪ ತಿಳಿಯುವುದೇ ಹೆಚ್ಚು. ದಾರಿ ಬದಲಾದರೆ ಬರುವವರೂ ಬದಲಾಗುತ್ತಾರೆ. ಆದ್ದರಿಂದ ಬಂದವರನ್ನು ಎಣಿಸುವ ಮೊದಲು, ಅವರನ್ನು ಅಲ್ಲಿಗೆ ಕಳುಹಿಸಿದವರು ಯಾರು ಎಂದು ಕೇಳಬೇಕು.

ಈ ಪ್ರಶ್ನೆಯನ್ನು ನಮ್ಮ ನೆಲದಲ್ಲೇ 130 ವರ್ಷಗಳ ಹಿಂದೆ ಕೇಳಲಾಗಿತ್ತು. ಗಾಂಜಾ ಸೇದಿದವರಿಂದಲೇ ಭಾರತದ ಹುಚ್ಚಾಸ್ಪತ್ರೆಗಳು ತುಂಬಿಹೋಗಿವೆ ಎಂಬ ನಂಬಿಕೆ ಆಗಿನ ಆಡಳಿತದಲ್ಲಿ ಗಟ್ಟಿಯಾಗಿತ್ತು. ಅದಕ್ಕೆ ಆಸ್ಪತ್ರೆಗಳ ವಾರ್ಷಿಕ ಅಂಕಿಅಂಶಗಳ ಬೆಂಬಲವೂ ಇತ್ತು. 1893ರಲ್ಲಿ ನೇಮಕವಾದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಆ ಅಂಕಿಗಳನ್ನು ಹಾಗೇ ಒಪ್ಪಿಕೊಳ್ಳದೆ, 1892ರಲ್ಲಿ ದಾಖಲಾದ 1,344 ಮಂದಿಯ ಕಡತಗಳನ್ನು ಮತ್ತೆ ಬಿಚ್ಚಿ ನೋಡಿತು. ರೋಗದ ‘ಕಾರಣ’ ಎಂಬ ಅಂಕಣ ಬಹುಮಟ್ಟಿಗೆ ತುಂಬಿದ್ದುದು ರೋಗಿಯನ್ನು ಕರೆತಂದ ಪೊಲೀಸರ ಹೇಳಿಕೆಯಿಂದ. ಬೀದಿಯಲ್ಲಿ ಸಿಕ್ಕ, ಹಿಂದುಮುಂದು ಗೊತ್ತಿಲ್ಲದ ಮನುಷ್ಯ ಗಾಂಜಾ ಸೇದುತ್ತಿದ್ದನೆಂದು ಯಾರಾದರೂ ಹೇಳಿದರೆ ಸಾಕು, ಅದೇ ಕಾರಣವೆಂದು ದಾಖಲಾಗುತ್ತಿತ್ತು. ಒಂದೊಂದೇ ಕಡತವನ್ನು ಜಾಲಾಡಿದ ಮೇಲೆ, ಗಾಂಜಾಕ್ಕೂ ರೋಗಕ್ಕೂ ಸಂಬಂಧವಿರಬಹುದು ಎಂದು ಹೇಳಬಹುದಾದ ಪ್ರಕರಣಗಳು 98 ಉಳಿದವು. ಬೇರೆ ಕಾರಣವೂ ಸೇರಿದ್ದವನ್ನು ಕಳೆದರೆ 61. ಆಯೋಗವು ಗಾಂಜಾ ನಿರಪಾಯಕಾರಿ ಎಂದು ಹೇಳಲಿಲ್ಲ. ಮಿತಿಮೀರಿದ ಸೇವನೆ ಕೆಡುಕೆಂದೇ ಹೇಳಿತು. ಅದರ ವರದಿಯಿಂದ ನಾವು ಕಲಿಯಬೇಕಾದ ಪಾಠ ಬೇರೆಯದು. ಕೈಗೆ ಬಂದ ದಾಖಲೆಯನ್ನು ಓದುವಾಗ ಅದನ್ನು ತುಂಬಿದ ಕೈ ಯಾರದು ಎಂದೂ ನೋಡಬೇಕು.

ಇದು ಹಳೆಯ ಕಾಲದ ಅವ್ಯವಸ್ಥೆ ಎಂದು ತಳ್ಳಿಹಾಕುವಂತಿಲ್ಲ. ಅಂಕಿಅಂಶವನ್ನು ಅಚ್ಚುಕಟ್ಟಾಗಿ ಇಡುವ ಅಮೆರಿಕದಲ್ಲೂ ಇದೇ ಕಥೆ. ಅಲ್ಲಿ 2000ರ ದಶಕದಲ್ಲಿ ಗಾಂಜಾ ಸಮಸ್ಯೆಯೆಂದು ಚಿಕಿತ್ಸಾ ಕೇಂದ್ರಗಳಿಗೆ ದಾಖಲಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಕಳುಹಿಸಿದ್ದು ನ್ಯಾಯಾಲಯ ಮತ್ತು ಪೊಲೀಸ್ ವ್ಯವಸ್ಥೆ. ಆ ದಾಖಲೆಗಳಲ್ಲಿ ಹದಿಹರೆಯದವರು, ಇಪ್ಪತ್ತೈದು ದಾಟದವರು ಎದ್ದು ಕಾಣುತ್ತಿದ್ದರು. ಇದಕ್ಕೂ ಮೊದಲು, 1980ರ ದಶಕದ ಕೊನೆಯಲ್ಲಿ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಜರ್ ರಾಫ್ಮನ್, ರಾಬರ್ಟ್ ಸ್ಟೀಫನ್ಸ್ ಮತ್ತು ಸಂಗಡಿಗರು ಇನ್ನೊಂದು ದಾರಿ ತೆರೆದಿದ್ದರು. ‘ಗಾಂಜಾ ಬಿಡಬೇಕೆಂದಿದ್ದೀರಾ, ಬನ್ನಿ’ ಎಂದು ಮಾಧ್ಯಮಗಳ ಮೂಲಕ ಕರೆ ಕೊಟ್ಟರು. ಬಂದವರು ಹುಡುಗರಲ್ಲ. ಸರಾಸರಿ ಮೂವತ್ತು ದಾಟಿದವರು, ಬಹುಪಾಲು ಕೆಲಸದಲ್ಲಿದ್ದವರು. ಹೀಗೆ ತಾವಾಗಿ ಬರುವವರ ಬಗ್ಗೆ ಆಮೇಲೆ ನಡೆದ ಅಧ್ಯಯನಗಳೂ ಅದನ್ನೇ ಹೇಳಿವೆ: ಹತ್ತು ವರ್ಷಕ್ಕೂ ಮೀರಿ ಹೆಚ್ಚುಕಡಿಮೆ ದಿನವೂ ಸೇದಿದವರು, ಬಿಡಬೇಕೆಂದು ಆರಕ್ಕಿಂತ ಹೆಚ್ಚು ಸಲ ಗಂಭೀರವಾಗಿ ಪ್ರಯತ್ನಿಸಿ ಸೋತವರು. ದೇಶ ಅದೇ, ಸೊಪ್ಪು ಅದೇ. ನ್ಯಾಯಾಲಯ ಕಳುಹಿಸಿದಾಗ ಕಂಡ ‘ವ್ಯಸನಿ’ ಒಬ್ಬ, ಜಾಹೀರಾತು ಕರೆದಾಗ ಕಂಡವನು ಮತ್ತೊಬ್ಬ. ಇವರಲ್ಲಿ ಅಸಲಿ ಯಾರು ಎಂದು ಕೇಳುವುದರಲ್ಲಿ ಅರ್ಥವಿಲ್ಲ, ಇಬ್ಬರೂ ಇದ್ದಾರೆ. ಯಾವ ಬಾಗಿಲು ತೆರೆದಿತ್ತೋ ಆ ಬಾಗಿಲಿಗೆ ತಕ್ಕವರು ಬಂದರು, ಅಷ್ಟೇ.

ಚಿಕಿತ್ಸಾಲಯದಲ್ಲಿ ಕುಳಿತವರ ಕಣ್ಣಿಗೂ ಒಂದು ಮಿತಿಯಿದೆ. 1984ರಲ್ಲಿ ಪ್ಯಾಟ್ರೀಷಿಯಾ ಕೋಹೆನ್ ಮತ್ತು ಜೇಕಬ್ ಕೋಹೆನ್ ಇದನ್ನು ‘ವೈದ್ಯರ ಭ್ರಮೆ’ ಎಂದು ಕರೆದರು. ಯಾರ ಕಾಯಿಲೆ ವರ್ಷಗಟ್ಟಲೆ ಎಳೆಯುತ್ತದೋ ಅವರು ಮತ್ತೆ ಮತ್ತೆ ಆಸ್ಪತ್ರೆಗೆ ಬರುತ್ತಾರೆ. ಬೇಗ ಸರಿಹೋದವರು ಅತ್ತ ತಲೆಹಾಕುವುದಿಲ್ಲ. ಹಾಗಾಗಿ ವೈದ್ಯರಿಗೆ ಎಲ್ಲ ರೋಗಿಗಳೂ ವಾಸಿಯಾಗದವರಂತೆ ಕಾಣುತ್ತಾರೆ. ಗಾಂಜಾ ವಿಷಯದಲ್ಲಿ ಈ ಅಂತರ ದೊಡ್ಡದು. 1990ರ ದಶಕದ ಆರಂಭದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ಲೆಕ್ಕದಲ್ಲಿ, ಒಮ್ಮೆಯಾದರೂ ಸೇದಿದವರ ಪೈಕಿ ಅವಲಂಬನೆಯ ಹಂತ ಮುಟ್ಟಿದವರು ಸುಮಾರು ಶೇ 9. ತಂಬಾಕಿನಲ್ಲಿ ಅದು ಶೇ 32. ಹತ್ತರಲ್ಲಿ ಒಂಬತ್ತು ಮಂದಿಯನ್ನು ವೈದ್ಯರು ನೋಡುವುದೇ ಇಲ್ಲ. ಅದೇ ಕಾರಣಕ್ಕೆ, ಆ ಒಂಬತ್ತು ಮಂದಿಯಲ್ಲಿ ಒಬ್ಬರಾಗಿರುವವರು ‘ನನಗೇನೂ ಆಗಿಲ್ಲ, ಯಾರಿಗೂ ಏನೂ ಆಗುವುದಿಲ್ಲ’ ಎಂದು ಸಾಧಿಸುವುದೂ ಅಷ್ಟೇ ದೊಡ್ಡ ಭ್ರಮೆ.

ಇನ್ನು ನಮ್ಮ ದೇಶದ ಲೆಕ್ಕ. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನ ರಾಷ್ಟ್ರೀಯ ಮಾದಕವಸ್ತು ಅವಲಂಬನೆ ಚಿಕಿತ್ಸಾ ಕೇಂದ್ರ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಇವುಗಳಲ್ಲಿ ಯಾವುದನ್ನಾದರೂ ಬಳಸಿದವರು ಸುಮಾರು 3.1 ಕೋಟಿ. ಇವರಲ್ಲಿ ನೆರವು ಬೇಕಾದಷ್ಟು ಸಮಸ್ಯೆ ಇರುವವರು ಸುಮಾರು 72 ಲಕ್ಷ. ಭಂಗಿ ಬಳಸುವವರ ಸಂಖ್ಯೆಯೇ ಹೆಚ್ಚಾದರೂ, ತೊಂದರೆಗೆ ಸಿಲುಕುವವರ ಪ್ರಮಾಣ ಗಾಂಜಾ, ಚರಸ್ ಬಳಸುವವರಲ್ಲಿ ಜಾಸ್ತಿ. ಈ 72 ಲಕ್ಷದ ಮುಂದೆ ಯಾವುದೇ ಆಸ್ಪತ್ರೆಯ ನೂರಿನ್ನೂರು ಕಡತಗಳನ್ನು ಇಟ್ಟು ನೋಡಿ. ದಿನಗೂಲಿ ಬಿಟ್ಟು ಬರಲಾಗದ ಕಟ್ಟಡ ಕಾರ್ಮಿಕ, ರಾತ್ರಿ ಪಾಳಿಯ ಚಾಲಕ, ಮರ್ಯಾದೆಗೆ ಅಂಜುವ ನೌಕರ ಆ ಕಡತಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಹೆಣ್ಣುಮಕ್ಕಳಂತೂ ಬೆರಳೆಣಿಕೆ, ಸೇದುವ ಹೆಣ್ಣುಮಕ್ಕಳೇ ಕಡಿಮೆ ಎಂಬುದು ನಿಜವಾದರೂ, ಗೊತ್ತಾದರೆ ಮನೆಯಲ್ಲಿ ಏನಾದೀತು ಎಂಬ ಭಯ ಗಂಡಸರಿಗಿಂತ ಅವರನ್ನು ಹೆಚ್ಚು ಕಾಡುತ್ತದೆ. ಸಿಗುವವರು ಮನೆಯವರು ಎಳೆದು ತಂದ ಮಗ, ಕಾಲೇಜು ಕಳುಹಿಸಿದ ವಿದ್ಯಾರ್ಥಿ, ಮಾನಸಿಕ ಕಾಯಿಲೆ ಉಲ್ಬಣಿಸಿ ದಾಖಲಾದ ರೋಗಿ. ಈ ಕಡತಗಳ ಸರಾಸರಿ ತೆಗೆದು ನಾಡಿನ ಚಿತ್ರವೆಂದರೆ, ಬಸ್ ನಿಲ್ದಾಣದಲ್ಲಿ ನಿಂತವರನ್ನು ಎಣಿಸಿ ಊರಿನಲ್ಲಿ ಯಾರ ಬಳಿಯೂ ಬೈಕ್ ಇಲ್ಲ ಎಂದ ಹಾಗೆ.

ಬಾರದವರನ್ನು ತಡೆದಿರುವುದು ಬರೀ ಸಂಕೋಚವಲ್ಲ, ಕಾನೂನಿನ ನೆರಳೂ ಹೌದು. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದೇ ಕಾಯ್ದೆಯ 64ಎ ಕಲಮು ಬೇರೆ ಮಾತನ್ನೂ ಹೇಳುತ್ತದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಮಾದಕವಸ್ತುವಿನ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಒಳ್ಳೆಯ ಕಲಮು, ಆದರೆ ಎರಡು ಕುಂದುಗಳಿವೆ. ಒಂದು, ಇದರ ರಕ್ಷಣೆ ಸಿಗುವುದು ಆರೋಪ ಬಿದ್ದ ಮೇಲೆ. ಅಂದರೆ ಈ ಬಾಗಿಲಿಗೂ ದಾರಿ ಠಾಣೆಯ ಮೂಲಕವೇ. ಎರಡು, ಚಿಕಿತ್ಸೆಯನ್ನು ಪೂರ್ತಿ ಮುಗಿಸದಿದ್ದರೆ ರಕ್ಷಣೆ ಹಿಂದಕ್ಕೆ ಹೋಗಬಹುದು. ಆರು ಸಲ ಬಿಟ್ಟು ಆರು ಸಲ ಮತ್ತೆ ಹಿಡಿಯುವುದೇ ಈ ತೊಂದರೆಯ ಲಕ್ಷಣವಾಗಿರುವಾಗ, ಚಿಕಿತ್ಸೆಯ ಮಧ್ಯೆ ಜಾರಿದವನನ್ನು ಮತ್ತೆ ಆರೋಪಿಯ ಸಾಲಿಗೆ ಸೇರಿಸುವುದು ಕಾಯಿಲೆಗೇ ಶಿಕ್ಷೆ ಕೊಟ್ಟಂತೆ. ಮೂತ್ರ ಪರೀಕ್ಷೆಯೂ ಇಲ್ಲಿ ನೆರವಾಗದು. ದಿನವೂ ಸೇದುವವನ ಮೂತ್ರದಲ್ಲಿ ಬಿಟ್ಟು ವಾರಗಳಾದ ಮೇಲೂ ಅಂಶ ಕಾಣಬಹುದು; ಒಂದೇ ಸಲ ಸೇದಿದವನಲ್ಲೂ ಮರುದಿನ ಕಾಣಬಹುದು. ಚಿಕಿತ್ಸೆ ಯಾರಿಗೆ ಬೇಕು ಎಂಬುದನ್ನು ಆ ಪರೀಕ್ಷೆ ಹೇಳಲಾರದು.

ಇದನ್ನು ಮದ್ಯದ ಜೊತೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಕನ್ನಡ ನಾಡಿಗೆ ಪರಿಚಿತ. ಸಭಾಭವನದಲ್ಲೋ ದೇವಸ್ಥಾನದ ಅಂಗಳದಲ್ಲೋ ಕೆಲವು ದಿನ ಒಟ್ಟಿಗೆ ಇರುವುದು, ಮನೆಯವರು ಬಂದು ಹೋಗುವುದು, ಶಿಬಿರ ಮುಗಿದ ಮೇಲೂ ಸಂಪರ್ಕದಲ್ಲಿರುವುದು. ಅಲ್ಲಿಗೆ ಕೂಲಿಯವನೂ ಬರುತ್ತಾನೆ, ಜಮೀನ್ದಾರನೂ ಬರುತ್ತಾನೆ. ಅವುಗಳ ವೈದ್ಯಕೀಯ ಪರಿಣಾಮ ಎಷ್ಟು ಎಂಬುದು ಬೇರೆ ಚರ್ಚೆ. ಆದರೆ ‘ನನಗೆ ಕುಡಿತದ ತೊಂದರೆ ಇದೆ’ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡರೆ ಕೇಸು ಬೀಳುವುದಿಲ್ಲ ಎಂಬ ಒಂದೇ ಧೈರ್ಯ ಎಂಥೆಂಥವರನ್ನು ಕರೆತರುತ್ತದೆ ಎಂಬುದಕ್ಕೆ ಆ ಶಿಬಿರಗಳು ಸಾಕ್ಷಿ. ಗಾಂಜಾ ಬಿಡಬೇಕೆನ್ನುವವನಿಗೆ ಅಂಥ ಅಂಗಳ ಇಲ್ಲ.

ಭಯ ಸಡಿಲಿಸಿದರೆ ಹುಡುಗರಿಗೆ ತಪ್ಪು ಸಂದೇಶ ಹೋಗುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದನ್ನು ಹಗುರವಾಗಿ ಕಾಣಬಾರದು. ಯೂರೋಪಿನ ಹಲವು ನಗರಗಳು ಮತ್ತು ಬ್ರೆಜಿಲ್‌ನಲ್ಲಿ ನಡೆದು 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ಗಾಂಜಾ ಬಳಸುವವರಲ್ಲಿ ಮನೋವಿಕೃತಿಯ ಸಂಭವ ಬಳಸದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕಂಡಿತ್ತು. ತೀಕ್ಷ್ಣ ಬಗೆಯದನ್ನು ದಿನವೂ ಬಳಸುವವರಲ್ಲಿ ಅದು ಇನ್ನೂ ಮೇಲೆ. ಶಿವರಾತ್ರಿಯ ಭಂಗಿಯ ಹೆಸರು ಹೇಳಿ ಇದನ್ನು ಮುಚ್ಚಿಡಲಾಗದು. ಪೊಲೀಸರ ಭಯ ಕೆಲವರನ್ನು ಮೊದಲ ದಮ್ಮಿನಿಂದಲೇ ದೂರ ಇಟ್ಟಿರಬಹುದು ಎಂಬುದನ್ನೂ ಒಪ್ಪೋಣ. ಆದರೆ ಈಗಾಗಲೇ ಸಿಕ್ಕಿಬಿದ್ದವರ ಮೇಲೆ ಅದೇ ಭಯ ತಿರುಗಿ ಕೆಲಸ ಮಾಡುತ್ತದೆ: ಸೇದುವುದನ್ನು ತಡೆಯುವ ಬದಲು ಹೇಳಿಕೊಳ್ಳುವುದನ್ನು ತಡೆಯುತ್ತದೆ. ನಾನು ಮಾರಾಟಗಾರನಿಗೆ ರಿಯಾಯಿತಿ ಕೇಳುತ್ತಿಲ್ಲ, 20 ಕೆ.ಜಿ.ಗೂ ಮೀರಿದ ಗಾಂಜಾಕ್ಕೆ ಕಾಯ್ದೆ ಹೇಳುವ ಹತ್ತರಿಂದ ಇಪ್ಪತ್ತು ವರ್ಷದ ಸಜೆ ಹಾಗೇ ಇರಲಿ. ಆಸ್ಪತ್ರೆಯ ಮೆಟ್ಟಿಲು ಹತ್ತುವವನನ್ನು ಆ ಸಾಲಿನಿಂದ ಬೇರೆ ಮಾಡಿ ಎನ್ನುವುದಷ್ಟೇ ಬೇಡಿಕೆ.

ಚಟ ಹಿಡಿದವರು ತಾವಾಗಿ ಬರುವುದಿಲ್ಲ, ಬಲವಂತ ಬೇಕೇ ಬೇಕು ಎನ್ನುವವರಿದ್ದಾರೆ. ಒತ್ತಡಕ್ಕೆ ಬಂದವರಲ್ಲೂ ಕೆಲವರಿಗೆ ಒಳ್ಳೆಯದಾಗುತ್ತದೆ, ನಿಜ. ಆದರೆ ಆರು ಸಲ ಒಬ್ಬಂಟಿಯಾಗಿ ಪ್ರಯತ್ನಿಸಿದವನಿಗೆ ಬಿಡುವ ಮನಸ್ಸಿಲ್ಲ ಎಂದು ಹೇಳಲಾಗದು. ಬಿಟ್ಟ ಮೊದಲ ವಾರ ನಿದ್ದೆ ಬಾರದೆ, ಊಟ ಸೇರದೆ, ಮುಟ್ಟಿದರೆ ಸಿಡುಕುವ ಸ್ಥಿತಿ ಬರುತ್ತದೆ. ಅದು ಸುಮಾರು ಎರಡು ವಾರಗಳಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳುವವರಿದ್ದರೆ ಎಷ್ಟೋ ಪ್ರಯತ್ನಗಳು ಮುರಿದು ಬೀಳುತ್ತಿರಲಿಲ್ಲ. ಗಾಂಜಾ ಅವಲಂಬನೆಗೆಂದೇ ಅನುಮೋದನೆ ಪಡೆದ ಔಷಧ ಇನ್ನೂ ಇಲ್ಲ. ಕೆಲಸ ಮಾಡುವುದು ಮಾತು, ಒಡನಾಟ, ಅಭ್ಯಾಸ ತಿದ್ದುವ ತರಬೇತಿ. ಅಮೆರಿಕದ ಮೂರು ಕಡೆ 450 ವಯಸ್ಕರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ಭೇಟಿಗಳ ಆಪ್ತಸಮಾಲೋಚನೆಯೂ ಕಾಯುವ ಪಟ್ಟಿಯಲ್ಲಿದ್ದವರಿಗಿಂತ ಒಳ್ಳೆಯ ಫಲ ಕೊಟ್ಟಿತು, ಒಂಬತ್ತು ಭೇಟಿಗಳು ಅದಕ್ಕಿಂತಲೂ ಹೆಚ್ಚು. ಇದಕ್ಕೆ ಬೀಗ ಹಾಕಿದ ಕೋಣೆ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮುಗಿಸಿ ಬರಬಹುದಾದ ಸಂಜೆಯ ಹೊತ್ತು ಸಾಕು. ಮಾನಸಿಕ ಆರೋಗ್ಯ ಸೇವೆಯನ್ನು ದೊಡ್ಡಾಸ್ಪತ್ರೆಯಿಂದ ಹೊರತಂದು ಜಿಲ್ಲೆಗೆ ಒಯ್ಯುವ ಮಾದರಿಯನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲೇ.

ಹಾಗಾದರೆ ಚಿಕಿತ್ಸೆಗೆ ಬಂದವರ ವಿವರ ಸಂಗ್ರಹಿಸುವುದೇ ತಪ್ಪೇ ಎಂದು ವೈದ್ಯರು ಕೇಳಬಹುದು. ಖಂಡಿತ ಅಲ್ಲ. ಎದುರಿಗೆ ಕುಳಿತವರಿಗೆ ಏನು ಬೇಕು ಎಂದು ತಿಳಿಯಲು ಅದು ಬೇಕೇ ಬೇಕು. ಅದನ್ನು ಆಸ್ಪತ್ರೆಯ ಕಾಂಪೌಂಡಿನಾಚೆಗೆ ಒಯ್ದು ಎಲ್ಲರಿಗೂ ಅನ್ವಯಿಸುವಾಗಲೇ ಎಡವಟ್ಟಾಗುವುದು. ಈ ಎಡವಟ್ಟು ತಪ್ಪಿಸಲು ದೊಡ್ಡ ಖರ್ಚಿಲ್ಲ. ಪ್ರತಿ ಕಡತದಲ್ಲೂ ‘ಕಳುಹಿಸಿದವರು’ ಎಂಬ ಅಂಕಣ ಇರಲಿ: ತಾವಾಗಿ, ಮನೆಯವರು, ಪೊಲೀಸರು ಅಥವಾ ನ್ಯಾಯಾಲಯ, ಬೇರೆ ವಿಭಾಗದ ವೈದ್ಯರು. ಅಂಕಿಅಂಶ ಪ್ರಕಟಿಸುವಾಗ ಈ ಗುಂಪುಗಳನ್ನು ಕಲಸದೆ ಬೇರೆಬೇರೆಯಾಗಿ ತೋರಿಸಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾದಕವಸ್ತುವಿನಿಂದ ಬರುವ ಮಾನಸಿಕ ತೊಂದರೆಗಳನ್ನೂ ಕಾಯಿಲೆಯೆಂದೇ ಗುರುತಿಸಿ, ರೋಗಿಯ ಮಾಹಿತಿ ಗೋಪ್ಯವಾಗಿರುವ ಹಕ್ಕು ಕೊಟ್ಟಿದೆ. ಈ ಮಾತನ್ನು ಹೊರರೋಗಿ ವಿಭಾಗದ ಗೋಡೆಯ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಲಿ. 64ಎ ಕಲಮಿನ ವಿಷಯವನ್ನು ಠಾಣೆಯಲ್ಲೇ ಆರೋಪಿಗೆ ತಿಳಿಸಲಿ. ಹೆಸರು ಹೇಳದೆಯೂ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಮಾದಕವಸ್ತು ಜಾಗೃತಿಯ ಪ್ರತಿ ಫಲಕದಲ್ಲೂ ಹಾಕಲಿ.

ಇವು ಜಾರಿಯಾದರೆ ಮುಂದಿನ ವರ್ಷಗಳಲ್ಲಿ ಚಿಕಿತ್ಸೆಗೆ ಬರುವವರ ಸಂಖ್ಯೆ ಏರಬಹುದು, ವಯಸ್ಸು, ಉದ್ಯೋಗಗಳ ಲೆಕ್ಕ ತಲೆಕೆಳಗಾಗಬಹುದು. ಆಗ ‘ಗಾಂಜಾ ಪಿಡುಗು ನಲವತ್ತರವರಿಗೂ ಹಬ್ಬಿತು’ ಎಂದು ಗಾಬರಿಪಡುವ ಮೊದಲು ‘ಕಳುಹಿಸಿದವರು’ ಅಂಕಣ ನೋಡೋಣ. ಅಲ್ಲಿ ‘ತಾವಾಗಿ’ ಎಂಬ ಉತ್ತರ ಹೆಚ್ಚಿದ್ದರೆ, ಅದುವರೆಗೆ ಯಾರ ಲೆಕ್ಕಕ್ಕೂ ಸಿಗದೆ ಆರು ಸಲ ಸೋತವರು ಏಳನೆಯ ಸಲ ಒಬ್ಬರೇ ಪ್ರಯತ್ನಿಸಲಿಲ್ಲ ಎಂದು ತಿಳಿಯಬೇಕು.