ಕಿಲೋಮೀಟರ್ ಲೆಕ್ಕ ಇಡ್ತೇವೆ, ಮುರಿದ ಮೂಳೆಗಳ ಲೆಕ್ಕ ಯಾರದ್ದು?

2024ರ ಆಗಸ್ಟ್ 9ರ ರಾತ್ರಿ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 10,000 ಮೀಟರ್ ಫೈನಲ್ ನಡೆಯಿತು. ಚಿನ್ನ ಕೀನ್ಯಾದ ಬಿಯಾಟ್ರಿಸ್ ಚೆಬೆಟ್‌ಗೆ. ನಾನು ನೋಡುತ್ತಾ ಕೂತಿದ್ದು 11ನೆಯವಳಾಗಿ ಗೆರೆ ದಾಟಿದ ಅಮೆರಿಕದ 21 ವರ್ಷದ ಹುಡುಗಿ ಪಾರ್ಕರ್ ವಾಲ್ಬಿಯನ್ನು. ಚಿನ್ನಕ್ಕೂ ಅವಳಿಗೂ ನಡುವೆ 20 ಸೆಕೆಂಡ್ ಅಂತರವೂ ಇರಲಿಲ್ಲ.

ಒಲಿಂಪಿಕ್ಸ್ ಫೈನಲ್‌ನಲ್ಲಿ 11ನೇ ಸ್ಥಾನ ಯಾರಿಗೂ ನೆನಪಿರುವುದಿಲ್ಲ. ಆದರೆ ಇವಳ ಕತೆ ಬೇರೆ. ವಿಶ್ವಮಟ್ಟದ ದೂರದ ಓಟಗಾರರು ಸಾಮಾನ್ಯವಾಗಿ ವಾರಕ್ಕೆ 150ರಿಂದ 200 ಕಿಲೋಮೀಟರ್ ಓಡುತ್ತಾರೆ. ವಾಲ್ಬಿ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿದ್ದಾಗ ವಾರಕ್ಕೆ ಎರಡು-ಮೂರು ದಿನ ಮಾತ್ರ ಓಡುತ್ತಿದ್ದಳು. ಉಳಿದ ದಿನ ಈಜುಕೊಳ, ಇಲ್ಲವೇ ಆರ್ಕ್ ಟ್ರೈನರ್ ಅನ್ನೋ ಜಿಮ್ ಯಂತ್ರ. ನಿಂತಲ್ಲೇ ಓಡಿದ ಹಾಗೆ ಕಾಲಾಡಿಸಬೇಕು, ಪಾದ ಮಾತ್ರ ನೆಲಕ್ಕೆ ಬಡಿಯೋದಿಲ್ಲ. ಮೂಳೆಯ ಗಾಯಗಳು ಮತ್ತೆ ಮತ್ತೆ ಕಾಡಿದ್ದರಿಂದ ಹಿಡಿದ ದಾರಿ ಅದು. ಆ ದಾರಿಯಲ್ಲೇ 2023ರಲ್ಲಿ ಅಮೆರಿಕದ ಕಾಲೇಜು ಕ್ರಾಸ್ ಕಂಟ್ರಿ ಚಾಂಪಿಯನ್ ಆದಳು. 2024ರ ಏಪ್ರಿಲ್‌ನಲ್ಲಿ ತನ್ನ ಮೊದಲ 10,000 ಮೀಟರ್ ಓಟದಲ್ಲೇ 30 ನಿಮಿಷ 50.43 ಸೆಕೆಂಡ್ ಓಡಿ ಕಾಲೇಜು ದಾಖಲೆ ಮುರಿದಳು.

ಅಂದಿನಿಂದ ಓಟಗಾರರ ನಡುವೆ ಒಂದು ಚರ್ಚೆ ನಡೀತಾನೇ ಇದೆ. ಸೈಕಲ್, ಈಜು, ಜಿಮ್ ಯಂತ್ರ ಎಲ್ಲ ಸೇರಿದ ಕ್ರಾಸ್-ಟ್ರೈನಿಂಗ್ ನೂರಾರು ಕಿಲೋಮೀಟರ್ ಓಟದ ಜಾಗ ತುಂಬಬಲ್ಲದಾ? ಇದು ಕೋಚ್‌ಗಳಿಗೆ ಬಿಟ್ಟ ತಾಂತ್ರಿಕ ಪ್ರಶ್ನೆ ಅಂತ ಅನ್ನಿಸಬಹುದು. ನನಗೆ ಹಾಗನ್ನಿಸೋದಿಲ್ಲ. ನನ್ನ ಪಾಲಿಗೆ ಇದು ಒಂದು ಹಾಸ್ಟೆಲ್ ಮಂಚದ ಪ್ರಶ್ನೆಯಾಗಿತ್ತು.

ಉಸಿರಿತ್ತು, ಕಾಲಿರಲಿಲ್ಲ

ನಾನು ಪಿಯುಸಿಯಲ್ಲಿ ಉತ್ತರ ಕರ್ನಾಟಕದ ಒಂದು ಕ್ರೀಡಾ ಹಾಸ್ಟೆಲ್‌ನಲ್ಲಿದ್ದೆ. 3,000 ಮೀಟರ್ ಓಡುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಡಾಂಬರು ರಸ್ತೆ, ಸಂಜೆ ಮಣ್ಣಿನ ಟ್ರ್ಯಾಕ್. ಎಷ್ಟು ಓಡಿದೆ ಅನ್ನೋದೇ ಅಲ್ಲಿ ನಮ್ಮ ಮರ್ಯಾದೆ. ಮೊಣಕಾಲ ಕೆಳಗೆ, ಮುಂದಿನ ಮೂಳೆಯಲ್ಲಿ ನೋವು ಶುರುವಾದಾಗ ಸರ್‌ಗೆ ಹೇಳಿದೆ. "ಓಡಿದ್ರ ಹೋಗ್ತೈತಿ ಬಿಡವ್ವಾ" ಅಂದರು. ಕೆಟ್ಟ ಮನುಷ್ಯ ಅಲ್ಲ. ಅವರಿಗೂ ಅವರ ಗುರುಗಳು ಅದನ್ನೇ ಹೇಳಿರಬೇಕು.

ಓಡಿದೆ. ಹೋಗಲಿಲ್ಲ. ಒಂದು ತಿಂಗಳಾದ ಮೇಲೆ ಎಕ್ಸ್-ರೇಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಸ್ಟ್ರೆಸ್ ಫ್ರ್ಯಾಕ್ಚರ್. ಎಂಟು ವಾರ ಓಡಬಾರದು ಅಂದರು ಡಾಕ್ಟರ್. ಓಡದವರಿಗೆ ಇಲ್ಲಿ ಏನು ಕೆಲಸ ಅಂತ ಹಾಸ್ಟೆಲ್‌ನವರು ಊರಿಗೆ ಕಳಿಸಿದರು. ನನ್ನ ಮಂಚ ಬೇರೆಯವರಿಗೆ ಹೋಯಿತು.

ಮನೆಯಲ್ಲಿ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ ಇತ್ತು. ನೋವು ಕಡಿಮೆಯಾದ ಮೇಲೆ ಡಾಕ್ಟರನ್ನು ಕೇಳಿಕೊಂಡು ದಿನಾ ಒಂದೂವರೆ ತಾಸು ತುಳಿದೆ. ಏರು ಬಂದರೆ ಇಳಿಯದೆ ತುಳಿಯೋದು, ಅಷ್ಟೇ ನನ್ನ ಟ್ರೈನಿಂಗ್ ಪ್ಲಾನ್. ಎರಡು ತಿಂಗಳ ನಂತರ ಮೊದಲ ಸಲ ಓಡಿದಾಗ ಆಶ್ಚರ್ಯ ಆಯಿತು. ಉಸಿರು ಒಂಚೂರೂ ಕಟ್ಟಲಿಲ್ಲ. ಆದರೆ ಮರುದಿನ ಮೀನಖಂಡಗಳು ಹಿಡಿದುಕೊಂಡು ಮೆಟ್ಟಿಲು ಇಳಿಯೋಕೆ ಆಗಲಿಲ್ಲ. ಉಸಿರಿತ್ತು, ಕಾಲಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡಿದ್ದು: ಕ್ರಾಸ್-ಟ್ರೈನಿಂಗ್ ಕೊಡೋದೇನು, ಕೊಡದೇ ಇರೋದೇನು ಅನ್ನೋದರ ಸಾರ ಹೆಚ್ಚುಕಮ್ಮಿ ಇದೇ.

ಹೃದಯಕ್ಕೆ ರಸ್ತೆ ಬೇಕಿಲ್ಲ, ಮೂಳೆಗೆ ಬೇಕು

ಹೃದಯಕ್ಕೆ ನೀವು ಓಡುತ್ತಿದ್ದೀರಾ, ಸೈಕಲ್ ತುಳಿಯುತ್ತಿದ್ದೀರಾ ಅನ್ನೋ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಸಾಕಷ್ಟು ಹೊತ್ತು, ಸಾಕಷ್ಟು ಜೋರಾಗಿ ಬಡಿದುಕೊಂಡರೆ ಅದು ಬಲಿಯುತ್ತದೆ. ಆಳದ ನೀರಿನಲ್ಲಿ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಓಟದ ಹಾಗೆ ಕಾಲಾಡಿಸಿದರೆ ನಾಲ್ಕರಿಂದ ಆರು ವಾರದವರೆಗೆ ಓಟಗಾರರ ಸಾಮರ್ಥ್ಯ ಹೆಚ್ಚುಕಮ್ಮಿ ಕುಸಿಯದೆ ಉಳಿಯುತ್ತದೆ ಅಂತ ಅಧ್ಯಯನಗಳು ತೋರಿಸಿವೆ.

ಇದಕ್ಕೆ ಚರಿತ್ರೆಯಲ್ಲೂ ಉದಾಹರಣೆ ಇದೆ. 1984ರಲ್ಲಿ ಅಮೆರಿಕದ ಜೋನ್ ಬೆನೋಯ್ಟ್‌ಗೆ ಒಲಿಂಪಿಕ್ಸ್ ಆಯ್ಕೆ ಮ್ಯಾರಥಾನ್‌ಗೆ 17 ದಿನ ಇರುವಾಗ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಓಡಲಾಗದ ದಿನಗಳಲ್ಲಿ ಕೈಯಿಂದ ಪೆಡಲ್ ತಿರುಗಿಸಿ ದೇಹ ಹುರಿಗೊಳಿಸಿಕೊಂಡರು. ಆಯ್ಕೆ ಓಟ ಗೆದ್ದರು. ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನನ್ನೂ 2 ಗಂಟೆ 24 ನಿಮಿಷ 52 ಸೆಕೆಂಡ್‌ನಲ್ಲಿ ಗೆದ್ದರು. ಆದರೆ ಒಂದು ಮಾತು ಮರೆಯಬಾರದು. ಅವರ ಕಾಲುಗಳಲ್ಲಿ ಅದಾಗಲೇ ವರ್ಷಗಟ್ಟಲೆ ಓಡಿದ ಕಿಲೋಮೀಟರ್‌ಗಳಿದ್ದವು. ಕ್ರಾಸ್-ಟ್ರೈನಿಂಗ್ ಅದನ್ನು ಕಟ್ಟಲಿಲ್ಲ, ಕಾಪಾಡಿತು.

ಯಾಕಂದ್ರೆ ಓಟ ಬರೀ ಹೃದಯದ ಕೆಲಸ ಅಲ್ಲ. ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಸ್ಪ್ರಿಂಗ್‌ನಂತೆ ಆ ಭಾರವನ್ನು ಹಿಡಿದಿಟ್ಟು ವಾಪಸ್ ಎಸೆಯುತ್ತದೆ. ಒಂದೇ ವೇಗಕ್ಕೆ ಕಡಿಮೆ ಆಮ್ಲಜನಕ ಖರ್ಚು ಮಾಡುವ ಆ ಜಾಣತನ ಬಹುಪಾಲು ಓಡಿ ಓಡಿಯೇ ಬರಬೇಕು. ಮ್ಯಾರಥಾನ್‌ನಲ್ಲಿ ಇಂಥ 20 ಸಾವಿರಕ್ಕೂ ಹೆಚ್ಚು ಹೆಜ್ಜೆಗಳಿವೆ. ಸೈಕಲ್ ಮೇಲೆ ಒಂದೂ ಇಲ್ಲ. ಮೂಳೆಯೂ ಹೊಡೆತ ಬಿದ್ದರೇ ಗಟ್ಟಿಯಾಗೋದು. ವರ್ಷಗಟ್ಟಲೆ ಸೈಕಲ್ ಮಾತ್ರ ತುಳಿಯುವ ವೃತ್ತಿಪರ ಸೈಕ್ಲಿಸ್ಟ್‌ಗಳ ಬೆನ್ನುಮೂಳೆ ಅನೇಕ ಸಲ ತೆಳುವಾಗಿರುವುದು ಅದಕ್ಕೇ.

ಆದರೆ ಮೂಳೆಗೆ ಒಂದು ಸ್ವಭಾವ ಇದೆ. ಹೊಡೆತ ಬಿದ್ದಾಗ ಅದು ಮೊದಲು ಸವೆದ ಭಾಗವನ್ನು ಕಿತ್ತು ಹಾಕುತ್ತದೆ, ಹೊಸದನ್ನು ಕಟ್ಟೋದು ಆಮೇಲೆ, ತಿಂಗಳುಗಟ್ಟಲೆ ನಿಧಾನವಾಗಿ. ಹೃದಯ ಆರು ವಾರದಲ್ಲಿ ಸಿದ್ಧವಾಗಿ "ಇನ್ನೂ ಓಡು" ಅನ್ನುವಾಗ ಮೂಳೆ ರಿಪೇರಿ ನಡುವೆ ಇರುತ್ತದೆ. ನನ್ನ ಕಾಲಿನಲ್ಲಿ ಆಗಿದ್ದು ಅದೇ.

ಹಾಗಾಗಿ ನೇರ ಉತ್ತರ: ಪೂರ್ತಿ ಬದಲಿ ಆಗಲ್ಲ, ಒಂದು ಪಾಲು ಆಗುತ್ತದೆ. ವಾರದ ಹಗುರ ಓಟಗಳಲ್ಲಿ ಎರಡು-ಮೂರನ್ನು ಸೈಕಲ್‌ಗೋ ನೀರಿಗೋ ಬಿಟ್ಟುಕೊಟ್ಟು, ವೇಗದ ಓಟ ಮತ್ತು ಲಾಂಗ್ ರನ್ ಉಳಿಸಿಕೊಂಡರೆ 3,000, 5,000 ಮೀಟರ್‌ನವರಿಗೆ ನಷ್ಟ ಕಡಿಮೆ. ಪದೇ ಪದೇ ಗಾಯ ಆಗೋರಿಗಂತೂ ಲಾಭವೇ. ದೂರ ಹೆಚ್ಚಾದಷ್ಟೂ, ಅದರಲ್ಲೂ ಮ್ಯಾರಥಾನ್‌ಗೆ, ರಸ್ತೆಯ ಪಾಲು ಹೆಚ್ಚಾಗಲೇಬೇಕು.

ರಸ್ತೆ ಪುಕ್ಕಟೆ, ಅದಕ್ಕೇ ಅದು ಸಿದ್ಧಾಂತ

ಹೆಚ್ಚು ಕಿಲೋಮೀಟರ್ ಅನ್ನೋ ನಂಬಿಕೆಗೆ ಗಟ್ಟಿ ಇತಿಹಾಸ ಇದೆ. ನ್ಯೂಜಿಲೆಂಡ್‌ನ ಶೂ ಕಾರ್ಖಾನೆಯ ಕೆಲಸಗಾರ ಆರ್ಥರ್ ಲಿಡಿಯಾರ್ಡ್ ತನ್ನ ಹುಡುಗರನ್ನು ವಾರಕ್ಕೆ 100 ಮೈಲಿ, ಅಂದರೆ 160 ಕಿಲೋಮೀಟರ್ ಓಡಿಸಿದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್, ಮರ್ರಿ ಹಾಲ್ಬರ್ಗ್ 5,000 ಮೀಟರ್ ಚಿನ್ನ ಗೆದ್ದರು. 2023ರಲ್ಲಿ ಶಿಕಾಗೋದಲ್ಲಿ 2 ಗಂಟೆ 35 ಸೆಕೆಂಡ್‌ನಲ್ಲಿ ಮ್ಯಾರಥಾನ್ ಮುಗಿಸಿದ ಕೀನ್ಯಾದ ಕೆಲ್ವಿನ್ ಕಿಪ್ಟಮ್ ವಾರಕ್ಕೆ 250 ಕಿಲೋಮೀಟರ್‌ಗೂ ಹೆಚ್ಚು ಓಡುತ್ತಿದ್ದರು. ಹೀಗೇ ಮುಂದುವರಿದರೆ ಐದು ವರ್ಷದಲ್ಲಿ ದೇಹ ಸೋಲಬಹುದು ಅಂತ ಅವರ ಕೋಚೇ ಆತಂಕ ಹೇಳಿಕೊಂಡಿದ್ದರು. 2024ರ ಫೆಬ್ರವರಿಯಲ್ಲಿ ಕಿಪ್ಟಮ್ ಮತ್ತು ಆ ಕೋಚ್ ಇಬ್ಬರೂ ಕಾರು ಅಪಘಾತದಲ್ಲಿ ತೀರಿಹೋದರು. ಆ ಪ್ರಶ್ನೆಗೆ ಉತ್ತರ ಸಿಗಲೇ ಇಲ್ಲ.

ನಮ್ಮಲ್ಲಿ ಈ ನಂಬಿಕೆ ಉಳಿದಿರುವುದಕ್ಕೆ ಇನ್ನೊಂದು ಕಾರಣವಿದೆ. ರಸ್ತೆ ಪುಕ್ಕಟೆ. ಯಂತ್ರಕ್ಕೆ ದುಡ್ಡು ಬೇಕು, ಈಜುಕೊಳಕ್ಕೆ ಪಾಸ್ ಬೇಕು, ಫಿಸಿಯೋಥೆರಪಿಸ್ಟ್‌ಗೆ ಸಂಬಳ ಬೇಕು. ರೈತರ, ಕೂಲಿಯವರ ಮಕ್ಕಳನ್ನು ರಸ್ತೆಗೆ ಬಿಟ್ಟರೆ ಯಾವ ಬಜೆಟ್ಟೂ ಬೇಡ. ಇಪ್ಪತ್ತು ಜನರಲ್ಲಿ ಇಬ್ಬರು ಉಳಿದು ಮೆಡಲ್ ತಂದರೆ "ನೋಡಿ, ನಮ್ಮ ಪದ್ಧತಿ ಗೆದ್ದಿತು" ಅನ್ನಬಹುದು. ಮೂಳೆ ಮುರಿದುಕೊಂಡು ಊರಿಗೆ ಹೋದ ಹದಿನೆಂಟು ಮಂದಿಯನ್ನು ಯಾವ ರಿಜಿಸ್ಟರ್‌ನಲ್ಲೂ ಬರೆಯುವುದಿಲ್ಲ. ಬಡವರ ದೇಹವೇ ಇಲ್ಲಿ ಅತ್ಯಂತ ಅಗ್ಗದ ಕ್ರೀಡಾ ಸಲಕರಣೆ.

ಇದೇ ಕಾರಣಕ್ಕೆ ವಾಲ್ಬಿಯ ಕತೆಯನ್ನು ಸ್ಫೂರ್ತಿಯ ಪೋಸ್ಟರ್ ಮಾಡಿಕೊಳ್ಳೋಕೂ ನನಗೆ ಇಷ್ಟ ಇಲ್ಲ. ಒಬ್ಬಳ ಅಪರೂಪದ ಪ್ರತಿಭೆಯಿಂದ ಎಲ್ಲರಿಗೂ ನಿಯಮ ಮಾಡಲಾಗದು. ಮೇಲಾಗಿ ಅವಳ ಹಿಂದೆ ಒಂದು ಶ್ರೀಮಂತ ಕಾಲೇಜು ಕ್ರೀಡಾ ವ್ಯವಸ್ಥೆ ಇತ್ತು. ಗಾಯವಾದರೂ ಅವಳು ತಂಡದಲ್ಲಿ ಉಳಿದಳು, ಬೇರೆ ದಾರಿ ಹುಡುಕೋಕೆ ಅವಳಿಗೆ ಸಮಯ ಸಿಕ್ಕಿತು. ನಮ್ಮ ಹುಡುಗಿಯರಿಗೆ ಸಿಗದಿರುವುದು ಆ ಸಮಯ.

ಊಟದ ವಿಷಯಕ್ಕೆ ಬರೋಣ

ಇನ್ನೂ ಒಂದು ಮಾತಿದೆ, ಹಾಸ್ಟೆಲ್‌ಗಳಲ್ಲಿ ಯಾರೂ ಆಡದ ಮಾತು. ಕ್ರಾಸ್-ಟ್ರೈನಿಂಗ್ ಮೂಳೆಗೆ ಬೀಳುವ ಹೊಡೆತ ತಪ್ಪಿಸುತ್ತದೆ, ಹಸಿವನ್ನು ತಪ್ಪಿಸೋದಿಲ್ಲ. ಒಂದೂವರೆ ತಾಸು ಸೈಕಲ್ ತುಳಿದರೂ ದೇಹಕ್ಕೆ ಊಟ ಬೇಕೇ ಬೇಕು. ಖರ್ಚಿಗೆ ತಕ್ಕಷ್ಟು ಊಟ ಇಲ್ಲದಿದ್ದರೆ ದೇಹ ಹಾರ್ಮೋನು ಕಡಿತ ಮಾಡುತ್ತದೆ, ಹುಡುಗಿಯರ ಮುಟ್ಟು ನಿಲ್ಲುತ್ತದೆ, ಮೂಳೆ ತೆಳುವಾಗುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೆ ಒಂದು ಹೆಸರು ಕೊಟ್ಟು ಎಚ್ಚರಿಸಿತು: ರೆಡ್-ಎಸ್. ಅಮೆರಿಕದ ಓಟಗಾರ್ತಿ ಮೇರಿ ಕೇನ್ 2019ರಲ್ಲಿ ತನ್ನ ಅನುಭವ ಬಹಿರಂಗವಾಗಿ ಹೇಳಿಕೊಂಡರು. ತೂಕ ಇಳಿಸುವ ಒತ್ತಡದಲ್ಲಿ ಮೂರು ವರ್ಷ ಮುಟ್ಟಾಗಲಿಲ್ಲ, ಐದು ಮೂಳೆ ಮುರಿದವು ಅಂದರು.

ನನಗೂ ಹಾಸ್ಟೆಲ್‌ನಲ್ಲಿ ಆರು ತಿಂಗಳು ಮುಟ್ಟಾಗಿರಲಿಲ್ಲ. ಸೀನಿಯರ್ ಅಕ್ಕಂದಿರು "ಚಲೋ ಆತು ಬಿಡು, ಕಾಟ ತಪ್ಪಿತು" ಅಂದಿದ್ದರು. ಅದು ಮೂಳೆ ಕೊಡುತ್ತಿದ್ದ ಮುನ್ಸೂಚನೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಹೇಳೋದಕ್ಕೆ ಅಲ್ಲಿ ಒಬ್ಬ ಮಹಿಳಾ ಸಿಬ್ಬಂದಿಯೂ ಇರಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ದೇಶದಲ್ಲಿ ಶೇ. 57. ನಮ್ಮ ಓಟಗಾರ್ತಿಯರು ಬರೋದು ಇದೇ ಮನೆಗಳಿಂದ. ರಕ್ತದಲ್ಲಿ ಕಬ್ಬಿಣ ಇಲ್ಲದ ಹುಡುಗಿಗೆ "ಇನ್ನೂ ಹತ್ತು ಕಿಲೋಮೀಟರ್ ಹೆಚ್ಚು ಓಡು" ಅನ್ನೋದು ತರಬೇತಿ ಅಲ್ಲ. ಹಾಗೇ "ಓಡಬೇಡ, ಸೈಕಲ್ ತುಳಿ" ಅನ್ನೋದೂ ಪರಿಹಾರ ಅಲ್ಲ.

ಏನು ಕೇಳಬೇಕು?

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್ ಬೇಕು ಅಂತ ಭಾರತ 2024ರ ಅಕ್ಟೋಬರ್‌ನಲ್ಲೇ ಪತ್ರ ಕೊಟ್ಟಿದೆ. ಕ್ರೀಡಾಂಗಣಗಳಿಗೆ ಸಾವಿರಾರು ಕೋಟಿಯ ಮಾತು ನಡೀತಿದೆ. ಆ ಕ್ರೀಡಾಂಗಣದಲ್ಲಿ ಓಡಬೇಕಾದ ಹುಡುಗಿ ಈಗ ಎಲ್ಲೋ ಒಂದು ಹಾಸ್ಟೆಲ್‌ನಲ್ಲಿ ಕಾಲುನೋವು ಮುಚ್ಚಿಟ್ಟುಕೊಂಡು ಬೆಳಿಗ್ಗೆ ಐದಕ್ಕೆ ಏಳುತ್ತಿದ್ದಾಳೆ. ಹೇಳಿದರೆ ಮಂಚ ಹೋಗುತ್ತದೆ. ಮಂಚ ಹೋದರೆ ಕಾಲೇಜು, ಕಾಲೇಜು ಹೋದರೆ ಕ್ರೀಡಾ ಕೋಟಾದ ಪೊಲೀಸ್ ಇಲ್ಲವೇ ರೈಲ್ವೆ ನೌಕರಿಯ ಕನಸು.

ನಮ್ಮ ಬೇಡಿಕೆ ಆರ್ಕ್ ಟ್ರೈನರ್ ಆಗಬೇಕಿಲ್ಲ. ಮೊದಲನೆಯದು, ಗಾಯವಾದ ಕಾರಣಕ್ಕೆ ಯಾರನ್ನೂ ಕ್ರೀಡಾ ಹಾಸ್ಟೆಲ್‌ನಿಂದ ಮನೆಗೆ ಕಳಿಸಬಾರದು ಅನ್ನೋ ಲಿಖಿತ ನಿಯಮ. ಇದಕ್ಕೆ ಒಂದು ರೂಪಾಯಿ ಹೆಚ್ಚಿನ ಖರ್ಚಿಲ್ಲ, ಮತ್ತು ಉಳಿದೆಲ್ಲಕ್ಕೂ ಬುನಾದಿ ಇದೇ. ಮಂಚ ಹೋಗಲ್ಲ ಅಂತ ಗೊತ್ತಿದ್ದರೆ ಹುಡುಗಿ ಮೊದಲ ವಾರವೇ ನೋವು ಹೇಳುತ್ತಾಳೆ. ಮೊದಲ ವಾರ ಹೇಳಿದ ನೋವು ಎಷ್ಟೋ ಸಲ ಬಿರುಕಾಗುವ ಮುಂಚೆಯೇ ವಾಸಿಯಾಗುತ್ತದೆ. ಎರಡನೆಯದು, ಪ್ರತಿ ಹಾಸ್ಟೆಲ್‌ಗೆ ನಾಲ್ಕು ಸೈಕಲ್, ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೂ ಸಾಕು. ಹಲವು ಜಿಲ್ಲಾ ಕೇಂದ್ರಗಳಲ್ಲಿ ಈಗಾಗಲೇ ಇರುವ ಕ್ರೀಡಾ ಇಲಾಖೆಯ ಈಜುಕೊಳದಲ್ಲಿ ಇವರಿಗೂ ದಿನಕ್ಕೆ ಒಂದು ತಾಸು ಸಿಗಬೇಕು. ಮೂರನೆಯದು, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಓಟಕ್ಕೆ ತಕ್ಕ ಊಟ, ಮುಟ್ಟಿನ ಬಗ್ಗೆ ಸಂಕೋಚವಿಲ್ಲದೆ ಕೇಳಬಲ್ಲ ಒಬ್ಬ ಮಹಿಳಾ ಸಿಬ್ಬಂದಿ.

ಓಟಗಾರರಿಗೆ ಕಿಲೋಮೀಟರ್ ಬೇಕು. ಅದನ್ನು ನಾನು ಅಲ್ಲಗಳೆಯೋದಿಲ್ಲ. ಆದರೆ ಎಷ್ಟು ಓಡಬೇಕು ಅನ್ನೋ ತೀರ್ಮಾನ ಓಡುವವರ ದೇಹ ನೋಡಿ ಆಗಬೇಕೇ ಹೊರತು ಇಲಾಖೆಯ ಖಜಾನೆ ನೋಡಿ ಅಲ್ಲ.

ಹಾಸ್ಟೆಲ್‌ಗೆ ನಾನು ವಾಪಸ್ ಹೋಗಲಿಲ್ಲ. ಈಗಲೂ ವಾರಕ್ಕೆ ಮೂರು ದಿನ ಓಡ್ತೀನಿ, ಎರಡು ದಿನ ಸೈಕಲ್. ಕಾಲು ಚೆನ್ನಾಗಿದೆ. ಹದಿನೇಳು ವರ್ಷಕ್ಕೆ ಯಾರಾದರೂ ಈ ಲೆಕ್ಕ ಹೇಳಿಕೊಟ್ಟಿದ್ದರೆ ಎಷ್ಟು ದೂರ ಹೋಗುತ್ತಿದ್ದೆನೋ ಗೊತ್ತಿಲ್ಲ. ನನ್ನ ಮಂಚಕ್ಕೆ ಬಂದ ಹುಡುಗಿ ಎಷ್ಟು ದಿನ ಅಲ್ಲಿ ಉಳಿದಳು ಅನ್ನೋದೂ ಗೊತ್ತಿಲ್ಲ.