ಹಳೆಯ ಸ್ಪೋರ್ಟ್ಸ್ ಕಾರಿಗೆ ಎರಡು ಬೆಲೆ

ಶಾರ್ಜಾ ಬಿಟ್ಟು ಕೆನ್ಮೋರಿಗೆ ಬಂದ ಮೇಲೂ ಸಂಪಾದಕರು ನಮ್ಮ ಅಂಕಣವನ್ನು ನಿಲ್ಲಿಸಲು ಬಿಡಲಿಲ್ಲ. ವರ್ಷಕ್ಕೆ ಒಂದು ಪುಟ ತಾನೇ ಎಂದರು. ಈ ಸಲದ ವಿಷಯವನ್ನು ಒಬ್ಬ ಓದುಗನೇ ಕೊಟ್ಟಿದ್ದಾನೆ. ನಾವು ಮೊದಲಿದ್ದ ಬಿಲ್ಡಿಂಗಿನಲ್ಲೇ ಇರುವ ಕುಂದಾಪುರ ಕಡೆಯ ಹುಡುಗ. ನಮ್ಮ ಎರಡು ಸೀಟಿನ ಹಳೆಯ ಕಾರಿನ ಫೋಟೊ ನೋಡಿ ವಾಟ್ಸಾಪಿನಲ್ಲಿ ಕೇಳಿದ: "ಅಣ್ಣ, ನಮ್ಮ ಕಂಪನಿಯವರೊಬ್ಬರು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗುತ್ತಿದ್ದಾರೆ. ಅವರ ಸ್ಪೋರ್ಟ್ಸ್ ಕಾರು ಅಗ್ಗಕ್ಕೆ ಸಿಗುತ್ತದೆ. ಬ್ಯಾಂಕಿನಲ್ಲಿ ಲೋನ್ ಆಗುತ್ತದಂತೆ. ತೆಗೆದುಕೊಳ್ಳಲಾ?" ಊರಿನಲ್ಲಿ ಅವನ ಮನೆಯ ಕೆಲಸ ಲಿಂಟಲ್‌ವರೆಗೆ ಬಂದು ನಿಂತಿರುವುದು ನಮಗೆ ಗೊತ್ತು. ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಅವನ ಆಸೆಗೆ ಅನ್ಯಾಯ, ತಗೋ ಎಂದರೆ ಮನೆಗೆ ಅನ್ಯಾಯ. ಅದಕ್ಕೇ ನಮ್ಮ ಅನುಭವವನ್ನೇ ಬರೆಯುತ್ತೇವೆ.

ಕೆನ್ಮೋರ್ ಸಿಯಾಟಲ್‌ನ ಉತ್ತರಕ್ಕೆ, ವಾಷಿಂಗ್ಟನ್ ಸರೋವರದ ತುದಿಯಲ್ಲಿರುವ ಊರು. 1946ರಲ್ಲಿ ಆರಂಭವಾದ ಕೆನ್ಮೋರ್ ಏರ್‌ನ ಸೀಪ್ಲೇನುಗಳು ಇಲ್ಲಿ ನೀರಿನ ಮೇಲಿಂದಲೇ ಏಳುತ್ತವೆ, ನೀರಿನ ಮೇಲೆಯೇ ಇಳಿಯುತ್ತವೆ. ಅವುಗಳಲ್ಲಿ ಡಿ ಹ್ಯಾವಿಲ್ಯಾಂಡ್ ಬೀವರ್ ಎಂಬ ವಿಮಾನವೂ ಉಂಟು. ಅದರ ತಯಾರಿಕೆ 1967ಕ್ಕೇ ನಿಂತಿದೆ. ಆದರೂ ಅದು ಹಾರುತ್ತಿರುವುದು ಲಾಗ್‌ಬುಕ್ಕಿನ ಬಲದಿಂದ. ಎಷ್ಟು ಗಂಟೆ ಹಾರಿತು, ಯಾವ ಭಾಗ ಬಿಚ್ಚಿದರು, ಯಾವುದನ್ನು ಬದಲಿಸಿದರು, ಎಲ್ಲದಕ್ಕೂ ಬರಹವಿದೆ. ಹಳೆಯ ಕಾರಿಗೂ ಇದೇ ಲೆಕ್ಕ ಎಂಬ ಬುದ್ಧಿ ನಮಗೆ ಬಂದದ್ದು ಸ್ವಲ್ಪ ದುಡ್ಡು ಕಳೆದ ಮೇಲೆ.

ನಾವು ಹುಡುಕಿದ್ದು ಮಜ್ದಾ ಮಿಯಾಟಾ. ಗಲ್ಫಿನಲ್ಲಿ ಎಂಎಕ್ಸ್-5 ಎಂದರೆ ಗೊತ್ತಾಗುತ್ತದೆ. 1989ರಲ್ಲಿ ಷಿಕಾಗೊ ಪ್ರದರ್ಶನದಲ್ಲಿ ಹೊರಬಂದ ಕಾರು, ಬಟ್ಟೆಯ ಟಾಪು, ಎದ್ದು ಕೂರುವ ಹೆಡ್‌ಲೈಟು. 2016ರ ಹೊತ್ತಿಗೆ ಎಲ್ಲ ತಲೆಮಾರು ಸೇರಿ ಹತ್ತು ಲಕ್ಷ ದಾಟಿತ್ತು. ಹಾಗಾಗಿ ಸ್ಪೇರ್ ಪಾರ್ಟ್ ಸಿಗುತ್ತದೆ. ಕಾರಿನ ಮೇಲೆ ಮನಸ್ಸು ಹೋಗುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಪಾರ್ಟ್ ಸಿಗದ ಕಾರು ಎಷ್ಟು ಚಂದವಿದ್ದರೂ ಶೆಡ್ಡಿನಲ್ಲಿ ನಿಲ್ಲುವುದೇ ಸೈ.

ಮೊದಲು ನೋಡಿದ ಕಾರು ಕೆಂಪು, ಕನ್ನಡಿಯಂತೆ ಹೊಳೆಯುತ್ತಿತ್ತು. ಬಾನೆಟ್ ಎತ್ತಿದೆವು, ಎಂಜಿನ್ ಸದ್ದು ಕೇಳಿದೆವು, ಹೋಸ್ ಒತ್ತಿ ನೋಡಿದೆವು, ಡ್ಯಾಶ್‌ಬೋರ್ಡ್ ಒಡೆದಿದೆಯೇ ಎಂದು ಬಗ್ಗಿದೆವು. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜುಗಳಲ್ಲಿ ಕಲಿತ ವಿದ್ಯೆ ಅಷ್ಟು. ಎಲ್ಲ ಸರಿಯಿತ್ತು. ಮುನ್ನೂರು ಡಾಲರ್ ಅಡ್ವಾನ್ಸ್ ಕೊಟ್ಟು ಬಂದೆವು. ಮರುದಿನ ಪರಿಚಯದ ಮೆಕ್ಯಾನಿಕ್ ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿದ. ಬಾಗಿಲ ಕೆಳಗೆ, ಹಿಂದಿನ ಚಕ್ರದ ಮುಂದೆ ಬೆರಳಿನಿಂದ ಒತ್ತಿದ. ಬೆರಳು ಒಳಗೆ ಹೋಯಿತು. ಪೇಂಟಿನ ಅಡಿಯಲ್ಲಿ ಬರೀ ಪುಟ್ಟಿ, ಅದರ ಹಿಂದೆ ತುಕ್ಕು. ಕಾರು ಬಿಟ್ಟೆವು, ಅಡ್ವಾನ್ಸ್ ವಾಪಸ್ ಬರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಟಾಪಿನ ಮೇಲೆ ಬಿದ್ದ ಮಳೆ ಸೀಟಿನ ಹಿಂದಿನ ಎರಡು ತೂತುಗಳ ಮೂಲಕ ಕೆಳಗೆ ಇಳಿಯಬೇಕು. ಇಲ್ಲಿನ ಸೂಜಿ ಎಲೆಯ ಮರಗಳ ಕಸ ಬಿದ್ದು ತೂತು ಕಟ್ಟಿದರೆ ನೀರು ಒಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಗಲ್ಫಿನಲ್ಲಿ ಕಾರನ್ನು ತಿನ್ನುವುದು ಬಿಸಿಲು: ರಬ್ಬರು, ಸೀಲು, ಬುಶ್ಶು, ಪ್ಲಾಸ್ಟಿಕ್ಕು. ಕಾರಿನ ಮುಪ್ಪೂ ಊರಿಗೊಂದು ತರಹ. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದೆ ಎಂದು ಹಿಗ್ಗಬೇಡಿ. ನಿಂತ ಕಾರಿನ ರಬ್ಬರು ಓಡಿದ ಕಾರಿನದಕ್ಕಿಂತ ಬೇಗ ಹಾಳಾಗುವುದೂ ಉಂಟು. ಟೈರಿನ ಬದಿಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಗುಂಡಿ ಚೆನ್ನಾಗಿದ್ದರೂ ವಯಸ್ಸು ಆಗಿರುತ್ತದೆ.

ಕೊನೆಗೆ ಕೊಂಡದ್ದು 1992ರ ನೀಲಿ ಕಾರು. ಬಣ್ಣ ಮಂಕು, ಸೀಟು ಹರಿದಿತ್ತು. ಆದರೆ ಮಾರುವ ಅಜ್ಜ ಒಂದು ಬೂಟಿನ ಡಬ್ಬಿಯ ತುಂಬ ರಸೀದಿ ಇಟ್ಟಿದ್ದರು. ಟೈಮಿಂಗ್ ಬೆಲ್ಟ್ 60,000 ಮೈಲಿಗೆ ಹಾಕಿಸಿದ್ದು, ಕೂಲಂಟ್ ಬದಲಿಸಿದ್ದು, ಎಲ್ಲ ಕ್ರಮವಾಗಿ. ಈ ಎಂಜಿನ್ನಿನಲ್ಲಿ ಬೆಲ್ಟ್ ಕಡಿದರೂ ವಾಲ್ವು ಪಿಸ್ಟನ್ನಿಗೆ ಬಡಿಯುವುದಿಲ್ಲ, ದಾರಿಯಲ್ಲಿ ನಿಲ್ಲುತ್ತದೆ ಅಷ್ಟೆ. ಪೋರ್ಶೆ 944ರಂಥದ್ದರಲ್ಲಿ ಬೆಲ್ಟ್ ಹೋದರೆ ಎಂಜಿನ್ನೇ ಹೋದ ಹಾಗೆ. ಇನ್ನು 1990ರ ಮತ್ತು 91ರ ಆರಂಭದ ಮಿಯಾಟಾಗಳಲ್ಲಿ ಕ್ರ್ಯಾಂಕಿನ ಮೂತಿ ಸವೆಯುವ ದೋಷವಿತ್ತು, ಅವನ್ನು ಕೊಳ್ಳುವವರು ಕೇಳಿಕೊಳ್ಳಬೇಕು.

ಬೆಲೆ 6,500 ಡಾಲರ್, ನಿಮ್ಮ ಲೆಕ್ಕದಲ್ಲಿ ಸುಮಾರು 23,900 ದಿರ್ಹಂ. ಮೊದಲ ವರ್ಷವೇ ಬೆಲ್ಟು, ವಾಟರ್ ಪಂಪು, ಕ್ಲಚ್ಚಿನ ಕೆಳಗಿನ ಸಿಲಿಂಡರು, ಟೈರು, ಹೊಸ ಟಾಪು ಎಂದು ಮತ್ತೆ 3,200 ಹೋಯಿತು. ಇಷ್ಟು ಚೆನ್ನಾಗಿ ನೋಡಿಕೊಂಡ ಕಾರಿಗೇ ಇಷ್ಟು. ಇದನ್ನೇ ನಾವು ಎರಡನೇ ಬೆಲೆ ಎನ್ನುವುದು. ಅರ್ಧದಷ್ಟು ಹಣ ಕೈಯಲ್ಲಿ ಬೇರೆ ಇಟ್ಟುಕೊಂಡೇ ಮೊದಲ ಬೆಲೆಯ ಮಾತಾಡಬೇಕು. ಮನೆಯಲ್ಲಿ ಈ ವಿಷಯಕ್ಕೆ ಎರಡು ವಾರ ಮುಖ ತಿರುಗಿಸಿಕೊಂಡೇ ಊಟ ಮಾಡಿದ್ದೇವೆ, ಅದನ್ನೂ ಮುಚ್ಚಿಡುವುದಿಲ್ಲ.

ಕಾಗದದ ಕೆಲಸ ಇಲ್ಲಿ ಸುಲಭ. ಟೈಟಲ್ ಎಂಬ ಒಡೆತನದ ಪತ್ರವನ್ನು ಹದಿನೈದು ದಿನದೊಳಗೆ ಹೆಸರಿಗೆ ಮಾಡಿಸಬೇಕು. ಹೊಗೆ ಪರೀಕ್ಷೆ ಈ ರಾಜ್ಯದಲ್ಲಿ 2020ಕ್ಕೆ ನಿಂತಿತು. ನಿಮಗೆ ಹಾಗಲ್ಲ. ಪ್ರತಿ ವರ್ಷ ಪಾಸಿಂಗ್ ಆಗದೆ ಮುಲ್ಕಿಯಾ ರಿನ್ಯೂ ಆಗುವುದಿಲ್ಲ, ಹಳೆಯ ಕಾರಿಗೆ ಹಲವು ಕಡೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಸಿಗುತ್ತದೆ.

ಈಗ ಆ ಹುಡುಗನಿಗೆ. ತಮ್ಮಾ, ಹಳೆಯ ಕಾರಿಗೆ ಬ್ಯಾಂಕು ಕೊಡುವುದು ಹೆಚ್ಚಾಗಿ ಪರ್ಸನಲ್ ಲೋನ್. ನಾಳೆ ಕೆಲಸ ಹೋದರೆ ವೀಸಾ ಹೋಗುತ್ತದೆ, ಅವಸರಕ್ಕೆ ಎರಡು ಸೀಟಿನ ಕಾರನ್ನು ಕೊಳ್ಳುವವರು ಸಿಗುವುದಿಲ್ಲ. ನಿನ್ನ ಸಹೋದ್ಯೋಗಿ ಅಗ್ಗಕ್ಕೆ ಕೊಡುತ್ತಿರುವುದೂ ಅದಕ್ಕೇ ಅಲ್ಲವೇ? ಹಡಗಿನಲ್ಲಿ ಊರಿಗೆ ಕಳಿಸೋಣವೆಂದರೆ ಮೂರು ವರ್ಷ ದಾಟಿದ ಸೆಕೆಂಡ್‌ಹ್ಯಾಂಡ್ ಕಾರಿಗೆ, ಎಡಗಡೆ ಸ್ಟೀರಿಂಗಿನದಕ್ಕೆ ಭಾರತದಲ್ಲಿ ಪ್ರವೇಶವಿಲ್ಲ. ಆದ್ದರಿಂದ ಲೋನ್ ಮಾಡಿ ಬೇಡ. ಮನೆಗೆ ಸ್ಲ್ಯಾಬ್ ಬೀಳಲಿ. ಆಮೇಲೆ ಕೈಯಲ್ಲಿ ಎರಡೂ ಬೆಲೆಯ ಹಣ ಉಳಿದರೆ ಖಂಡಿತ ತಗೋ. ಒಳ್ಳೆಯ ರಸ್ತೆಯಲ್ಲಿ ಟಾಪು ಇಳಿಸಿ ಹೋಗುವ ಸುಖ ಸುಳ್ಳಲ್ಲ. ನಮಗೂ ಐವತ್ತು ದಾಟಿದ ಮೇಲೆಯೇ ಸಿಕ್ಕಿದ್ದು.

ಅಕ್ಟೋಬರ್ ಬಂತು, ಇಲ್ಲಿ ಮಳೆ ಹಿಡಿದಿದೆ. ಈ ಭಾನುವಾರ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ ಹಿಡಿದು ಸೀಟಿನ ಹಿಂದಿನ ತೂತು ಬಿಡಿಸುತ್ತಾ ಕೂತಿದ್ದೆವು. ಒಬ್ಬರು ಮೇಲಿಂದ ತಂಬಿಗೆಯಲ್ಲಿ ನೀರು ಹೊಯ್ಯುವುದು, ಇನ್ನೊಬ್ಬರು ಕೆಳಗೆ ಬಗ್ಗಿ ನೋಡುವುದು. ಎಡಗಡೆಯದು ಕೂಡಲೇ ಇಳಿಯಿತು. ಬಲಗಡೆಯದಕ್ಕೆ ಮೂರು ತಂಬಿಗೆ ಬೇಕಾಯಿತು.